ಚರ್ಚಿನಲ್ಲಿ ಗಂಡಸರೇಕೆ ಕಡಿಮೆ?

ಪೀಠದ ಮೇಲೆ ನಿಂತು ಉಪದೇಶ ಮಾಡುವವನು ಗಂಡಸು. ಕೆಳಗೆ ಬೆಂಚುಗಳಲ್ಲಿ ಕುಳಿತು ಕೇಳುವವರಲ್ಲಿ ಹೆಚ್ಚಿನವರು ಹೆಂಗಸರು. ಪಾಶ್ಚಾತ್ಯ ಕ್ರೈಸ್ತ ಜಗತ್ತಿನಲ್ಲಿ ಈ ದೃಶ್ಯ ಎಷ್ಟು ಹಳೆಯದೋ, ‘ಗಂಡಸರೆಲ್ಲಿ ಹೋದರು?’ ಎಂಬ ಪಾದ್ರಿಗಳ ಅಳಲೂ ಬಹುತೇಕ ಅಷ್ಟೇ ಹಳೆಯದು.

ಈ ಅಳಲನ್ನು ಅಂಕಿಸಂಖ್ಯೆಯೊಡನೆ ಬರೆದಿಟ್ಟವನು ಅಮೆರಿಕದ ಬೋಸ್ಟನ್ನಿನ ಪಾದ್ರಿ ಕಾಟನ್ ಮೇದರ್. 1692ರಲ್ಲಿ ಪ್ರಕಟವಾದ, ಸ್ತ್ರೀಯರ ಧರ್ಮನಿಷ್ಠೆಯನ್ನು ಕುರಿತ ತನ್ನ ಪುಸ್ತಕದಲ್ಲಿ ಅವನು, ತನ್ನ ಮನೆಗೆ ಒಂದು ಮೈಲಿಯೊಳಗಿನ ಚರ್ಚೊಂದರ ಲೆಕ್ಕ ಕೊಡುತ್ತಾನೆ. ಅಲ್ಲಿ ಪ್ರಭುಭೋಜನಕ್ಕೆ ಅರ್ಹರಾದ ಮುನ್ನೂರು ನಾನ್ನೂರು ಸದಸ್ಯರಲ್ಲಿ ಗಂಡಸರು ನೂರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕಾರಣವನ್ನೂ ಅವನೇ ಸೂಚಿಸಿದ. ಹೆರಿಗೆಯ ನೋವು ಮತ್ತು ಹೆರಿಗೆಯಲ್ಲಿ ಸಾಯುವ ಭಯ ಹೆಂಗಸರನ್ನು ದೇವರ ಹತ್ತಿರ ತರುತ್ತವೆ ಎಂಬುದು ಅವನ ವಾದ. ಬಾಣಂತಿಯರ ಸಾವು ಮನೆಮನೆಯ ಸಂಗತಿಯಾಗಿದ್ದ ಆ ಕಾಲದಲ್ಲಿ ಇದು ತೀರ ಪೊಳ್ಳು ಮಾತೇನೂ ಅಲ್ಲ. ಆದರೆ ಅದೇ ಊರುಗಳ ಮೊದಲ ತಲೆಮಾರಿನಲ್ಲೂ ಹೆಂಗಸರು ಹೆರುತ್ತಿದ್ದರು, ಸಾಯುತ್ತಿದ್ದರು. ಆಗ ಚರ್ಚು ಸೇರುವವರಲ್ಲಿ ಗಂಡಸರು ಹೆಂಗಸರು ಹೆಚ್ಚುಕಡಿಮೆ ಸಮಸಮನಾಗಿಯೇ ಇದ್ದರಲ್ಲ?

ಇಲ್ಲಿ ಒಂದು ಕಾನೂನಿನ ಕಥೆಯಿದೆ. ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1631ರಿಂದ ಚರ್ಚಿನ ಸದಸ್ಯನಾದ ಗಂಡಸಿಗೆ ಮಾತ್ರ ಮತದಾನದ ಹಕ್ಕು. ಪ್ರಾರ್ಥನೆಗೆ ಎಲ್ಲರೂ ಬರಲೇಬೇಕಿತ್ತು; ಆದರೆ ಸದಸ್ಯತ್ವ ಬೇಕೆಂದರೆ ತನಗೆ ದೈವಕೃಪೆ ಹೇಗೆ ಒದಗಿತೆಂದು ಸಭೆಯ ಮುಂದೆ ನಿಂತು ಬಿಚ್ಚಿ ಹೇಳಬೇಕು. ಹೆಂಗಸರ ನಿವೇದನೆಯನ್ನು ಎಷ್ಟೋ ಕಡೆ ಪಾದ್ರಿಯೇ ಖಾಸಗಿಯಾಗಿ ಕೇಳಿಕೊಳ್ಳುತ್ತಿದ್ದ. ಗಂಡಸು ನಾಲ್ಕು ಜನರೆದುರು ತನ್ನ ಅಂತರಂಗ ತೋಡಿಕೊಳ್ಳಬೇಕಿತ್ತು. ಆ ಮುಜುಗರಕ್ಕೆ ಪ್ರತಿಫಲವಾಗಿ ಮತದ ಹಕ್ಕು ಸಿಗುತ್ತಿತ್ತು. ಮುಂದೆ ಊರ ಆಡಳಿತದಲ್ಲಿ ಸದಸ್ಯರಲ್ಲದವರಿಗೂ 1647ರಲ್ಲಿ ಸ್ವಲ್ಪ ಅವಕಾಶ ದೊರೆಯಿತು. 1664ರಲ್ಲಿ ನಿಯಮ ಇನ್ನಷ್ಟು ಸಡಿಲವಾಯಿತು. 1691ರ ರಾಜಸನ್ನದು ಮತದಾನವನ್ನು ಚರ್ಚಿನಿಂದ ಬಿಡಿಸಿ ಆಸ್ತಿಗೆ ಗಂಟುಹಾಕಿತು. ಗಂಡಸರು ಕಡಿಮೆಯಾಗಲು ಇದೊಂದೇ ಕಾರಣವೆನ್ನಲಾಗದು. ಆದರೂ ಚರ್ಚಿನಿಂದ ಸಿಗುವ ಅಧಿಕಾರ ಬೇರೆಡೆ ಸಿಗತೊಡಗಿದಂತೆ ಗಂಡಸಿನ ಆಸಕ್ತಿಯೂ ತಗ್ಗಿತು ಎಂಬ ಅನುಮಾನ ಬರದೆ ಇರದು.

ಹತ್ತೊಂಬತ್ತನೇ ಶತಮಾನದಲ್ಲಿ ಅಂತರ ಎದ್ದು ಕಾಣುವಂತಾಯಿತು. ಚರ್ಚಿಗೆ ತೆರಿಗೆ ಹಣ ಕೊಡುವ ಪದ್ಧತಿ ಮ್ಯಾಸಚೂಸೆಟ್ಸ್‌ನಲ್ಲಿ 1833ರಲ್ಲಿ ಕೊನೆಗೊಂಡಿತು. ದುಡಿಮೆ ಹೊಲಮನೆಯಿಂದ ಕಾರ್ಖಾನೆಗೆ, ಕಚೇರಿಗೆ ಹೋಯಿತು. ಭಕ್ತಿ, ಮಕ್ಕಳ ಪಾಲನೆ, ಸಂಯಮ ಇವೆಲ್ಲ ‘ಹೆಂಗಸರ ಖಾತೆ’ ಎನಿಸಿದವು. ಗಂಡಸರಿಗೆ ರಾಜಕೀಯ ಪಕ್ಷಗಳಿದ್ದವು, ಫ್ರೀಮೇಸನ್ನರಂಥ ಭ್ರಾತೃಸಂಘಗಳಿದ್ದವು. ಆ ಸಂಘಗಳಲ್ಲಿ ನಿಲುವಂಗಿ, ಮಂತ್ರ, ದೀಕ್ಷೆ ಎಲ್ಲವೂ ಇತ್ತು. ಹೆಂಡತಿ ಮಾತ್ರ ಇರಲಿಲ್ಲ! ಧರ್ಮವು ಹೆಂಗಸರನ್ನು ಇಷ್ಟು ಬಿಗಿಯಾಗಿಯೂ ಗಂಡಸರನ್ನು ಇಷ್ಟು ಸಡಿಲವಾಗಿಯೂ ಹಿಡಿದಿರುವ ದೇಶವನ್ನು ತಾನು ಕಂಡಿಲ್ಲವೆಂದು ಇಂಗ್ಲೆಂಡಿನ ಲೇಖಕಿ ಫ್ರಾನ್ಸಿಸ್ ಟ್ರಾಲಪ್ 1832ರ ತನ್ನ ಅಮೆರಿಕ ಪ್ರವಾಸ ಕಥನದಲ್ಲಿ ಬರೆದಳು.

1906ರ ಅಮೆರಿಕದ ಧಾರ್ಮಿಕ ಗಣತಿಯಲ್ಲಿ ಒಟ್ಟು ಸದಸ್ಯರ ಪೈಕಿ ಗಂಡಸರು ಸುಮಾರು ಶೇ 43. ಪ್ರಾಟೆಸ್ಟೆಂಟ್ ಪಂಥಗಳಲ್ಲಿ ಅದಕ್ಕೂ ಕಡಿಮೆ. ಕ್ಯಾಥೊಲಿಕರಲ್ಲಿ ಹೆಚ್ಚುಕಡಿಮೆ ಅರ್ಧ. ಕ್ಯಾಥೊಲಿಕನಾಗಲು ಹುಟ್ಟು, ದೀಕ್ಷಾಸ್ನಾನ ಸಾಕು. ಅನೇಕ ಪ್ರಾಟೆಸ್ಟೆಂಟ್ ಪಂಥಗಳಲ್ಲಿ ಬೆಳೆದ ಮೇಲೆ ತಾನೇ ನಿರ್ಧರಿಸಿ ಸೇರಬೇಕು. ಎಣಿಸುವ ರೀತಿಯಲ್ಲೇ ಅರ್ಧ ಕಥೆ ಅಡಗಿದೆ.

ಅಂತೂ ಪ್ರಾಟೆಸ್ಟೆಂಟ್ ಮುಖಂಡರು ಗಾಬರಿಗೊಂಡರು. ವೈಎಂಸಿಎಯ ಫ್ರೆಡ್ ಸ್ಮಿತ್ ನೇತೃತ್ವದಲ್ಲಿ 1911ರ ಸೆಪ್ಟೆಂಬರಿನಲ್ಲಿ ಗಂಡಸರನ್ನು ಚರ್ಚಿಗೆ ಮರಳಿ ತರುವ ಚಳವಳಿಯೊಂದು ದೇಶದಾದ್ಯಂತ ಆರಂಭವಾಯಿತು. ಕಾಣೆಯಾದವರು ಮೂವತ್ತು ಲಕ್ಷ ಎಂಬುದು ಅವರ ಲೆಕ್ಕ. ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಜಾಹೀರಾತು ಹಾಕಿದರು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ವಿದ್ಯುದ್ದೀಪದ ಫಲಕಗಳನ್ನೂ ಏರಿಸಿದರು. ಧರ್ಮವೆಂದರೆ ಅಳುಮುಂಜಿಗಳದ್ದಲ್ಲ, ವ್ಯಾಪಾರಸ್ಥರ ಖದರಿನದು ಎಂದು ಸಾರುವುದು ಉದ್ದೇಶ. ಮುಂದಿನ ವಸಂತಕ್ಕೆ ಚಳವಳಿ ಮುಗಿದೇಹೋಯಿತು. ಅಂತರ ಮಾತ್ರ ಮುಗಿಯಲಿಲ್ಲ.

ಅದೇ 1910–11ರಲ್ಲಿ ಇತ್ತ ಹೆಂಗಸರು ಏನು ಮಾಡುತ್ತಿದ್ದರು? ವಿದೇಶಿ ಮಿಷನ್ನುಗಳಿಗೆ ನೆರವಾಗುವ ಮಹಿಳಾ ಸಂಘಗಳು ತಮ್ಮ ಸುವರ್ಣ ಮಹೋತ್ಸವ ಆಚರಿಸಿ, ಊರೂರು ಸುತ್ತಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದವು. ಸಂಘ ಅವರದೇ, ಹಣ ಅವರದೇ, ತೀರ್ಮಾನವೂ ಅವರದೇ. ಆದರೆ 1910ರಲ್ಲಿ ದಕ್ಷಿಣದ ಮೆಥಡಿಸ್ಟರು ಮಹಿಳೆಯರ ಮಿಷನ್ ಮಂಡಳಿಗಳನ್ನು ಮುಖ್ಯ ಮಂಡಳಿಯೊಳಗೆ ಸೇರಿಸಿಬಿಟ್ಟರು. ಅದನ್ನು ನಿರ್ಧರಿಸಿದ ಮಹಾಸಭೆಯಲ್ಲಿ ಮಹಿಳೆಯರಿಗೆ ಮತವೇ ಇರಲಿಲ್ಲ. 1923ರಲ್ಲಿ ಪ್ರೆಸ್ಬಿಟೇರಿಯನ್ನರೂ ಹಾಗೆಯೇ ಮಾಡಿದರು. ಬಾರದ ಗಂಡಸರನ್ನು ಹುಡುಕುವ ಭರಾಟೆಯ ಕಾಲದಲ್ಲೇ, ಬಂದು ದುಡಿಯುತ್ತಿದ್ದ ಹೆಂಗಸರ ಕೈಯಿಂದ ಕೀಲಿಕೈ ಜಾರಿತು.

ಹೆಂಗಸರೇ ಸ್ವಭಾವತಃ ಹೆಚ್ಚು ಭಕ್ತರು ಎನ್ನುವವರು ಇಂದಿಗೂ ಇದ್ದಾರೆ. ಹಾಗಿದ್ದರೆ ಮಸೀದಿಯಲ್ಲೂ ಸಿನಗಾಗ್‌ನಲ್ಲೂ ಅವರೇ ಹೆಚ್ಚಿರಬೇಕಿತ್ತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2016ರಲ್ಲಿ ಪ್ರಕಟಿಸಿದ ಜಾಗತಿಕ ಅಧ್ಯಯನದಲ್ಲಿ ಕ್ರೈಸ್ತರ ಸಾಪ್ತಾಹಿಕ ಪ್ರಾರ್ಥನೆಗೆ ಹೋಗುವವರಲ್ಲಿ ಮಹಿಳೆಯರು ಮುಂದು, ಮುಸ್ಲಿಮರಲ್ಲಿ ಮತ್ತು ಸಂಪ್ರದಾಯನಿಷ್ಠ ಯೆಹೂದ್ಯರಲ್ಲಿ ಪುರುಷರು ಮುಂದು. ಶುಕ್ರವಾರದ ಸಾಮೂಹಿಕ ನಮಾಜು ಗಂಡಸಿಗೆ ಕಡ್ಡಾಯ ಕರ್ತವ್ಯ. ಸಂಪ್ರದಾಯನಿಷ್ಠ ಯೆಹೂದ್ಯರ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಕೂಡಲೇಬೇಕು. ಅಲ್ಲಿ ಗಂಡಸು ಬಾರದಿದ್ದರೆ ಕೆಲಸ ನಿಲ್ಲುತ್ತದೆ. ಚರ್ಚಿನಲ್ಲಿ ಪಾದ್ರಿಯೊಬ್ಬನನ್ನು ಬಿಟ್ಟರೆ ಯಾವ ಗಂಡಸು ಬಾರದಿದ್ದರೂ ಆರಾಧನೆ ನಡೆಯುತ್ತದೆ, ಇಷ್ಟು ಕಾಲ ನಡೆದದ್ದೂ ಹಾಗೆಯೇ.

ಈಚಿನ ವರ್ಷಗಳಲ್ಲಿ ಅಮೆರಿಕದ ಕೆಲವು ಸಮೀಕ್ಷೆಗಳು ಇನ್ನೊಂದು ಬದಲಾವಣೆಯನ್ನು ಗುರುತಿಸಿವೆ. ಯುವಪೀಳಿಗೆಯಲ್ಲಿ ಈ ಅಂತರ ಕುಗ್ಗುತ್ತಿದೆ. ಗಂಡಸರು ದಂಡಿಯಾಗಿ ಮರಳಿ ಬಂದದ್ದಕ್ಕಿಂತ, ತರುಣಿಯರು ಚರ್ಚು ಬಿಟ್ಟು ಹೊರನಡೆಯುತ್ತಿರುವುದೇ ಇದಕ್ಕೆ ಹೆಚ್ಚಿನ ಕಾರಣವೆಂದು ಅವುಗಳಲ್ಲಿ ಕೆಲವು ಹೇಳುತ್ತವೆ.