ಹಾಸನ ಸೀಮೆಯ ಅಂಕಣದ ಮನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಹಳೆಯ ಊರುಗಳಲ್ಲಿ ಒಂದು ಮನೆಯ ವಿಸ್ತಾರವನ್ನು ಹೇಳಬೇಕಾದರೆ ಹಿರಿಯರು ಕೋಣೆಗಳೆಷ್ಟೆಂದು ಎಣಿಸುತ್ತಿರಲಿಲ್ಲ, ಅಂಕಣಗಳೆಷ್ಟೆಂದು ಎಣಿಸುತ್ತಿದ್ದರು. ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ತೆರಪೇ ಅಂಕಣ. ಐದಂಕಣದ ಮನೆಯೆಂದರೆ ಬಡವನದೂ ಅಲ್ಲದ ಶ್ರೀಮಂತನದೂ ಅಲ್ಲದ ಒಕ್ಕಲಿನ ಮನೆಯೆಂದು ಕೇಳಿದವರಿಗೆ ಒಡನೆಯೇ ತಿಳಿಯುತ್ತಿತ್ತು. ಗೋಡೆಯನ್ನು ಎಣಿಸದೆ ಕಂಬವನ್ನು ಎಣಿಸುವ ಈ ಪದ್ಧತಿಯ ಹಿಂದೆ ಗೃಹನಿರ್ಮಾಣದ ಒಂದು ಸಮಗ್ರ ದೃಷ್ಟಿಯೇ ಅಡಗಿದೆ. ಒಂದೇ ಸೂರಿನ ಕೆಳಗಿನ ಒಂದೇ ಆವರಣವನ್ನು, ನಡುವೆ ಗೋಡೆಯನ್ನೆಬ್ಬಿಸದೆ, ಹಲವು ಕಾರ್ಯಗಳಿಗೆ ಹಲವು ಭಾಗಗಳಾಗಿ ವಿಂಗಡಿಸುವ ಕಲೆಯು ಇಲ್ಲಿಯ ಜನರಿಗೆ ಶತಮಾನಗಳಿಂದ ಕರಗತವಾಗಿತ್ತು.

ಈ ಕಲೆಯ ಅತ್ಯುನ್ನತ ರೂಪವನ್ನು ಕಾಣಬೇಕಾದರೆ ಹೊಯ್ಸಳರ ದೇಗುಲಗಳ ಒಳಗೆ ನಿಂತು ನೋಡಬೇಕು. ನವರಂಗವೆಂಬುದು ನಾಲ್ಕು ಕಂಬಗಳಿಂದ ಒಂಬತ್ತು ಅಂಕಣಗಳಾಗಿ ಒಡೆದ ಒಂದೇ ಮಂಟಪ. ಅಂಕಣ ಅಂಕಣಕ್ಕೂ ತನ್ನದೇ ಆದ ಭುವನೇಶ್ವರಿ, ಎಂದರೆ ಕೆತ್ತನೆಯ ಒಳಮಾಡು, ಇರುವುದರಿಂದ, ಕಾಲಿನ ಕೆಳಗಿನ ನೆಲ ಒಂದೇ ಆಗಿದ್ದರೂ ತಲೆಯ ಮೇಲಿನ ಮಾಡು ಬೇರೆಯಾಗಿ, ನಿಂತವನಿಗೆ ತಾನು ಮತ್ತೊಂದು ಎಡೆಗೆ ಬಂದೆನೆಂಬ ಭಾವ ತಾನಾಗಿಯೇ ಉಂಟಾಗುತ್ತದೆ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯಲ್ಲಿ, 12ನೆಯ ಶತಮಾನದ ಆದಿಭಾಗದಲ್ಲಿ ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿಯಲ್ಲಿ ನಾಲ್ಕು ಗರ್ಭಗೃಹಗಳು ನಡುವಣ ಒಂದೇ ಮಂಟಪಕ್ಕೆ ತೆರೆದುಕೊಳ್ಳುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮೂರು ಸನ್ನಿಧಿಗಳಿಗೆ ಒಂದೇ ನವರಂಗ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಮಂಟಪದ ನಡುವಿನ ನಾಲ್ಕು ಕಂಬಗಳ ಮಧ್ಯೆ ನುಣುಪಾದ ವರ್ತುಲಾಕಾರದ ಶಿಲೆಯೊಂದಿದೆ. ಅದು ನರ್ತನಕ್ಕೆ ಮೀಸಲಾದ ಎಡೆಯೆಂಬುದನ್ನು ಆ ಶಿಲೆಯೇ ಸಾರುತ್ತದೆ. ಮೊದಲು ತೆರೆದಿದ್ದ ಆ ಮಂಟಪದ ಹೊರಗಂಬಗಳ ನಡುವೆ ಎರಡನೆಯ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳನ್ನು, ಎಂದರೆ ರಂಧ್ರಗಳುಳ್ಳ ಕಲ್ಲಿನ ತೆರೆಗಳನ್ನು, ಇಟ್ಟರು. ಒಳಗನ್ನು ಹೊರಗಿನಿಂದ ಬೇರ್ಪಡಿಸಬೇಕಾಗಿ ಬಂದಾಗಲೂ ಗಾಳಿ ಬೆಳಕುಗಳ ದಾರಿಯನ್ನು ಅವರು ಕಡಿಯಲಿಲ್ಲವೆಂಬುದು ಬಹುಕಾಲ ಮನನ ಮಾಡತಕ್ಕ ಸಂಗತಿ.

ಶಿಲ್ಪಿಯು ಮನೆಯಿಂದ ಕಲಿತನೋ, ಮನೆ ಕಟ್ಟುವ ಬಡಗಿಯು ಗುಡಿಯಿಂದ ಕಲಿತನೋ, ಆ ವಿವಾದವು ನನಗೆ ಮುಖ್ಯವಲ್ಲ. ಎರಡರ ಲೆಕ್ಕಾಚಾರವೂ ಒಂದೇ. ಬಯಲು ಸೀಮೆಯ ಒಕ್ಕಲಿನ ಮನೆಯ ತಲೆಬಾಗಿಲನ್ನು ದಾಟಿದರೆ ಮೊದಲು ಸಿಕ್ಕುವುದು ದನಗಳ ಗೊಂತು. ಅಲ್ಲಿಂದ ಒಂದು ಮೊಳದಷ್ಟು ಎತ್ತರಕ್ಕೆ ನೆಲವನ್ನು ಏರಿಸಿದರೆ ಅದು ಮನುಷ್ಯರ ವಾಸದ ಭಾಗ. ನಡುವೆ ಗೋಡೆಯಿಲ್ಲ, ನೆಲದ ಏರಿಳಿತವೇ ಗಡಿ. ರಾತ್ರಿ ಎತ್ತು ಕೊರಳಾಡಿಸಿದರೆ ಮೇಲೆ ಮಲಗಿದ್ದ ಯಜಮಾನನಿಗೆ ಎಚ್ಚರವಾಗಬೇಕು, ಹೊಸದಾಗಿ ಈದ ಹಸುವಿನ ಮೇಲೆ ಕಣ್ಣಿರಬೇಕು. ಬೇಸಾಯವನ್ನೇ ನಂಬಿದ ಸಂಸಾರಕ್ಕೆ ಗೋಡೆಗಿಂತ ಈ ತೆರಪೇ ಹಿತವಾಗಿತ್ತು. ಒಳಭಾಗದಲ್ಲಿ ಅಡಿಗೆಯ ಎಡೆಯನ್ನು ಮರೆಮಾಡುತ್ತಿದ್ದುದು ಸಾಲಾಗಿ ನಿಲ್ಲಿಸಿದ ಮಣ್ಣಿನ ವಾಡೆಗಳು. ವರ್ಷಗಟ್ಟಲೆ ಇಡುವ ರಾಗಿಯು ಹೊರಗೆ ನೆಲದೊಳಗಿನ ಹಗೇವಿನಲ್ಲಿದ್ದರೆ ದಿನಬಳಕೆಯದು ಈ ವಾಡೆಗಳಲ್ಲಿ. ಧಾನ್ಯವನ್ನು ಕಾಯುವುದೂ ಒಲೆಯನ್ನು ಮರೆಸುವುದೂ ಒಂದೇ ವಸ್ತುವಿನಿಂದ ನೆರವೇರುತ್ತಿತ್ತು. ವಾಡೆಯಿಲ್ಲದಲ್ಲಿ ಎದೆಯೆತ್ತರದ ಅಡ್ಡಗೋಡೆ, ಅದರ ಮೇಲೆ ಎರಡು ಕಡೆಗೂ ಬೆಳಕು ಬೀಳುವಂತೆ ಇಟ್ಟ ಒಂದೇ ಹಣತೆ. ಅದಕ್ಕೂ ಅನುಕೂಲವಿಲ್ಲದವರಿಗೆ ತೆಂಗಿನ ಗರಿಯ ತಡಿಕೆ. ಚನ್ನರಾಯಪಟ್ಟಣದ ಕಡೆ ತೆಂಗಿಗೆ ಬರವೆಲ್ಲಿ!

ನಡುವೆ ತೆರೆದ ಅಂಗಳವಿರುವ ಅನುಕೂಲವಂತರ ತೊಟ್ಟಿಯ ಮನೆಯಲ್ಲಿ ಈ ವಿಂಗಡಣೆಯು ಇನ್ನೂ ಸೂಕ್ಷ್ಮವಾಯಿತು. ಅರಕಲಗೂಡು ತಾಲ್ಲೂಕಿನ ಕಾವೇರೀತೀರದ ರುದ್ರಪಟ್ಟಣ, ರಾಮನಾಥಪುರಗಳ ಅಗ್ರಹಾರಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದುದರಿಂದ ಪಕ್ಕದ ಗೋಡೆಗಳಲ್ಲಿ ಕಿಟಕಿಗೆ ಆಸ್ಪದವಿಲ್ಲ. ಬೆಳಕೆಲ್ಲ ಮೇಲಿನಿಂದ, ತೊಟ್ಟಿಯ ಮೂಲಕವೇ ಇಳಿಯಬೇಕು. ಆದಕಾರಣ ತೊಟ್ಟಿಯ ಸುತ್ತಣ ಪಡಸಾಲೆಯಲ್ಲಿ ಬೆಳಕಿನ ಕಡೆಗೆ ಓದು, ಲೆಕ್ಕ, ಹೂ ಕಟ್ಟುವುದು, ಅಕ್ಕಿ ಆರಿಸುವುದು. ನೆರಳಿನ ಕಡೆಗೆ ಬೀಸುವ ಕಲ್ಲು, ತೊಟ್ಟಿಲು, ಮಧ್ಯಾಹ್ನದ ನಿದ್ರೆ. ಊಟದ ಹೊತ್ತಿಗೆ ಅದೇ ಪಡಸಾಲೆಯಲ್ಲಿ ಎಲೆ ಹಾಕುವರು, ಇರುಳಾದರೆ ಅಲ್ಲಿಯೇ ಚಾಪೆ ಹಾಸುವರು, ಬೆಳಗಾಗಿ ಚಾಪೆ ಸುತ್ತಿದೊಡನೆ ಅದು ಮತ್ತೆ ಬಂದವರನ್ನು ಕೂರಿಸುವ ಚಾವಡಿಯಾಗುವುದು. ಸ್ಥಳವನ್ನು ಹಂಚಿದಂತೆಯೇ ಕಾಲವನ್ನೂ ಹಂಚಿದ್ದರಿಂದಲೇ ಹತ್ತಾರು ಜನರ ಸಂಸಾರವು ಕೆಲವೇ ಅಂಕಣಗಳಲ್ಲಿ ನೆಮ್ಮದಿಯಾಗಿ ನಡೆಯಿತು. ಶ್ರವಣಬೆಳಗೊಳದ ಜೈನಮಠವೂ ಇದೇ ಮಾದರಿಯದು: ತೆರೆದ ಅಂಗಳ, ಸುತ್ತ ಕಂಬದ ಸಾಲು, ಗೋಡೆಗಳ ಮೇಲೆ ವರ್ಣಚಿತ್ರಗಳು.

ಆದರೆ ಈ ಮನೆಯನ್ನು ಹೊಗಳುವವರು ಅದರ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ನೆಲದ ಮೆಟ್ಟಿಲುಗಳು ಕೆಲಸವನ್ನು ಮಾತ್ರವಲ್ಲ, ಮನುಷ್ಯರನ್ನೂ ವಿಂಗಡಿಸಿದುವು. ಇಂಥವನು ಜಗಲಿಯವರೆಗೆ, ಇಂಥವನು ಪಡಸಾಲೆಯವರೆಗೆ, ಇಂಥವನು ಅಂಗಳದಾಚೆ ಎಂದು ಜಾತಿಯು ಗೆರೆ ಎಳೆಯಿತು. ಮುಟ್ಟಾದ ಹೆಣ್ಣುಮಗಳು ಹಿತ್ತಿಲ ಮೂಲೆಯಲ್ಲಿ ಚಳಿಗೂ ಮಳೆಗೂ ಮೈಯೊಡ್ಡಿ ಕೂರಬೇಕಾಯಿತು. ಗೋಡೆಯಿದ್ದಿದ್ದರೆ ಆ ಗೆರೆ ಕಣ್ಣಿಗೆ ಕಾಣುತ್ತಿತ್ತು. ಗೋಡೆಯಿಲ್ಲದೆಯೂ ಅದು ತಲೆತಲಾಂತರ ನಡೆದುಬಂದುದು ಆ ಕಟ್ಟುಪಾಡಿನ ಕ್ರೌರ್ಯವನ್ನೇ ತೋರಿಸುತ್ತದೆ. ಆ ಕಟ್ಟುಪಾಡು ಅಳಿದಲ್ಲಿ ಯಾರೂ ದುಃಖಿಸಬೇಕಾಗಿಲ್ಲ.

ಅಂಕಣಗಳ ನಡುವೆ ಗೋಡೆಗಳೆದ್ದುದಕ್ಕೆ ಮುಖ್ಯ ಕಾರಣ ನಾಗರಿಕತೆಯ ಹೊಸ ರುಚಿಯಲ್ಲ, ಪಾಲು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲಗದ್ದೆಗಳಂತೆ ಮನೆಯನ್ನೂ ಸೀಳಿದರು. ಪಡಸಾಲೆಯ ಕಂಬಗಳ ನಡುವೆ ಇಟ್ಟಿಗೆ ಏರಿತು, ಎಷ್ಟೋ ಮನೆಗಳಲ್ಲಿ ತೊಟ್ಟಿಯೇ ಎರಡು ಹೋಳಾಗಿ ಬೆಳಕು ಇಬ್ಬರಿಗೂ ಅರ್ಧವಾಯಿತು. ಬಳಿಕ ಮಂಚ, ಮೇಜು, ಬೀರುಗಳು ಬಂದುವು. ಚಾಪೆಯಂತೆ ಸುತ್ತಿಡಲು ಬಾರದ ಆ ವಸ್ತುಗಳು ತಾವು ಕೂತ ಎಡೆಯನ್ನು ಹಗಲಿರುಳು ಹಿಡಿದಿಟ್ಟುಕೊಂಡದ್ದರಿಂದ ಮಲಗುವುದಕ್ಕೊಂದು, ಉಣ್ಣುವುದಕ್ಕೊಂದು ಕೋಣೆ ಅನಿವಾರ್ಯವಾಯಿತು. ನಾಡಹೆಂಚಿನ ಬದಲು ಮಂಗಳೂರು ಹೆಂಚು, ಅದರ ಬದಲು ಕಾಂಕ್ರೀಟು ಬಂದ ಮೇಲಂತೂ ಅಂಕಣದ ಲೆಕ್ಕವೇ ನಿಂತುಹೋಗಿ ಚದರದ ಲೆಕ್ಕ ಮೊದಲಾಯಿತು. ಹಳೆಯ ಮನೆಗಳು ಅಳಿದುದಕ್ಕೆ ನೀರೂ ಒಂದು ಕಾರಣ. ಗೊರೂರಿನಲ್ಲಿ ಹೇಮಾವತಿಗೆ 1979ರಲ್ಲಿ ಮುಗಿದ ಅಣೆಕಟ್ಟು ಕೆಳಗಣ ಬಯಲಿಗೆ ನೀರು ಕೊಟ್ಟಿತು. ಆದರೆ ಅದರ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ತಮ್ಮ ಹಳೆಯ ಮನೆಗಳೊಡನೆ ಮುಳುಗಿದುವು.

ಈಗ ಪಟ್ಟಣಗಳಲ್ಲಿ ಮನೆ ಕಟ್ಟಿಸುವವರು ಅಡಿಗೆಯ ಎಡೆಗೂ ಊಟದ ಎಡೆಗೂ ನಡುವೆ ಗೋಡೆ ಬೇಡವೆನ್ನುತ್ತಾರೆ. ನಡುಮನೆಯ ಒಂದು ಭಾಗವನ್ನು ಒಂದು ಮೆಟ್ಟಿಲು ತಗ್ಗಿಸಿ ಬಂದವರಿಗೆಂದು ಬಿಡುತ್ತಾರೆ. ಪುಸ್ತಕದ ಕಪಾಟನ್ನೇ ಮರೆಯಾಗಿ ನಿಲ್ಲಿಸುತ್ತಾರೆ. ವಾಡೆಯ ಸಾಲು ಮಾಡುತ್ತಿದ್ದ ಕೆಲಸವೂ ಇದೇ ಆಗಿತ್ತು. ಇದನ್ನು ಪರದೇಶದ ಪುಸ್ತಕಗಳ ಚಿತ್ರ ನೋಡಿ ಕಲಿಯುವ ಅಗತ್ಯವಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ನಿಂತಿರುವ ತೊಟ್ಟಿಯ ಮನೆಗಳನ್ನೂ ಗೊಂತಿನ ಮನೆಗಳನ್ನೂ, ಕೆಡವುವ ಮುನ್ನ, ಅಳೆದು ನಕ್ಷೆ ಬರೆದಿಡುವ ಕೆಲಸವನ್ನು ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಳ್ಳಬೇಕು. ಆ ಮನೆಗಳಲ್ಲಿ ಬಾಳಿದ ಅಜ್ಜಿಯರನ್ನು ಕೇಳಿ, ಯಾವ ಅಂಕಣದಲ್ಲಿ ಯಾವ ಹೊತ್ತಿಗೆ ಏನು ನಡೆಯುತ್ತಿತ್ತೆಂಬುದನ್ನೂ ಆ ನಕ್ಷೆಯ ಮೇಲೆಯೇ ಗುರುತಿಸಬೇಕು.