ಅಂಗಳವಿಲ್ಲದ ಕಾಲೇಜಿನ ಆಟಗಾರ್ತಿಯರು

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರು ನಿಲ್ಲುವುವು ಕೋಟೆಕೊತ್ತಲಗಳು, ಪಟ್ಟಾಭಿಷೇಕಗಳು, ರಣರಂಗಗಳು. ಆದರೆ ಒಂದು ಸಮಾಜವು ತನ್ನ ಹೆಣ್ಣುಮಕ್ಕಳನ್ನು ಯಾವ ದೃಷ್ಟಿಯಿಂದ ಕಂಡಿತೆಂಬುದನ್ನು ಅರಿಯಲು ಅವರ ಆಟದ ಅಂಗಳವನ್ನೂ ನೋಡಬೇಕಾಗುತ್ತದೆ. ಅಮೆರಿಕ ದೇಶದ ಒಂದು ಚಿಕ್ಕ ಮಹಿಳಾ ಕಾಲೇಜಿನ ಬಾಸ್ಕೆಟ್‌ಬಾಲ್ ಚರಿತ್ರೆ ಇದಕ್ಕೆ ತಕ್ಕ ನಿದರ್ಶನವಾಗಿದೆ.

ಈ ಆಟದ ಹುಟ್ಟನ್ನು ಮೊದಲು ತಿಳಿಯುವುದು ಲೇಸು. 1891ರ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ, ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಚಳಿಗಾಲದಲ್ಲಿ ಮನೆಯೊಳಗೆ ಆಡತಕ್ಕ ಆಟವೊಂದನ್ನು ಕಲ್ಪಿಸಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿದರು. ಸಮೀಪದ ಸ್ಮಿತ್ ಮಹಿಳಾ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಈ ಆಟವನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. 1893ರ ಮಾರ್ಚಿಯಲ್ಲಿ ಅಲ್ಲಿ ನಡೆದ ಪಂದ್ಯವನ್ನು ನೋಡಲು ಗಂಡಸರಿಗೆ ಪ್ರವೇಶವಿರಲಿಲ್ಲ. ಹೆಣ್ಣುಮಕ್ಕಳ ದೇಹ ಅತಿಶ್ರಮವನ್ನು ತಾಳದೆಂಬ ಆ ಕಾಲದ ನಂಬಿಕೆಗನುಸಾರವಾಗಿ ಅಂಗಳವನ್ನು ಮೂರು ಭಾಗ ಮಾಡಿ, ಒಬ್ಬೊಬ್ಬಳೂ ತನ್ನ ಭಾಗದ ಗೆರೆಯನ್ನು ದಾಟಬಾರದೆಂದು ವಿಧಿಸಲಾಯಿತು. ಗೆರೆಗಳು ಕಾಲಕಾಲಕ್ಕೆ ಬದಲಾದುವು. ನಿರ್ಬಂಧ ಮಾತ್ರ ಬಹುಕಾಲ ಉಳಿಯಿತು. ಐವರು ಆಟಗಾರ್ತಿಯರು ಅಂಗಳದ ತುಂಬ ಓಡಿ ಆಡುವ ನಿಯಮ ಕಾಲೇಜು ಮಹಿಳೆಯರಿಗೆ ದೊರೆತುದು 1971ರಲ್ಲಿ.

ಆ ಸಂಧಿಕಾಲದಲ್ಲಿ ಮೇಲೆದ್ದುದೇ ಇಮ್ಯಾಕ್ಯುಲಾಟಾ ಕಾಲೇಜು. ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ, ಫಿಲಡೆಲ್ಫಿಯಾ ನಗರದ ಪಶ್ಚಿಮಕ್ಕೆ, ಕ್ಯಾಥೊಲಿಕ್ ಸಂನ್ಯಾಸಿನಿಯರು 1920ರಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆಯಿದು. 1967ರಲ್ಲಿ ಅದರ ವ್ಯಾಯಾಮ ಮಂದಿರ ಬೆಂಕಿಗೆ ಆಹುತಿಯಾಯಿತು. 1970ರಲ್ಲಿ ಕ್ಯಾಥಿ ರಷ್ ಎಂಬ ಯುವತಿ ತರಬೇತು ನೀಡಲು ಬಂದಾಗ ಅವರಿಗೆ ಗೊತ್ತಾದ ಸಂಬಳ ವರ್ಷಕ್ಕೆ 450 ಡಾಲರ್. ತಂಡಕ್ಕೆ ಸ್ವಂತದ ಅಂಗಳವಿರಲಿಲ್ಲ. ಅಭ್ಯಾಸ ನಡೆಯುತ್ತಿದ್ದುದು ಸಂನ್ಯಾಸಿನಿಯರ ವಸತಿಯ ನೆಲಮಾಳಿಗೆಯಲ್ಲಿ. ಆಟಗಾರ್ತಿಯರು ತೊಡುತ್ತಿದ್ದುದು ನಿರಿಗೆಯುಳ್ಳ ಉಣ್ಣೆಯ ಹಳೆಯ ಸಮವಸ್ತ್ರ.

1972ರ ಮಾರ್ಚಿಯಲ್ಲಿ ಇಲಿನಾಯ್ ಪ್ರಾಂತದ ನಾರ್ಮಲ್ ಎಂಬ ಊರಿನಲ್ಲಿ ಕಾಲೇಜು ಮಹಿಳೆಯರ ರಾಷ್ಟ್ರೀಯ ಸಂಘದ ಮೊದಲನೆಯ ಚಾಂಪಿಯನ್ ಪಂದ್ಯಾಟ ಏರ್ಪಟ್ಟಿತು. ಅದಕ್ಕೆ ಸ್ವಲ್ಪ ಮುಂಚೆ ಪ್ರಾದೇಶಿಕ ಪಂದ್ಯದಲ್ಲಿ ವೆಸ್ಟ್ ಚೆಸ್ಟರ್ ಕಾಲೇಜು ಇಮ್ಯಾಕ್ಯುಲಾಟಾವನ್ನು 32 ಅಂಕಗಳಿಂದ ಸೋಲಿಸಿತ್ತು. ಪ್ರಯಾಣಕ್ಕೆ ಹಣವಿಲ್ಲದೆ ಹುಡುಗಿಯರು ಹಲ್ಲುಜ್ಜುವ ಬ್ರಷ್ಷುಗಳನ್ನು ಮಾರಿ ಹಣ ಕೂಡಿಸಿದರು. ಆ ಹಣ ಎಂಟು ಮಂದಿಗೆ ಮಾತ್ರ ಸಾಕಾಯಿತು. ಅವರೂ ವಿಮಾನದಲ್ಲಿ ಖಾಲಿ ಸ್ಥಳ ಉಳಿದರೆ ಮಾತ್ರ ದೊರೆಯುವ ಅಗ್ಗದ ಟಿಕೇಟಿನ ಮೇಲೆ ಹೊರಟರು. ಹದಿನಾರು ತಂಡಗಳ ಸ್ಪರ್ಧೆಯಲ್ಲಿ ಇವರದು ಹದಿನೈದನೆಯ ಸ್ಥಾನವೆಂದು ಎಣಿಸಲಾಗಿತ್ತು. ಹೀಗಿದ್ದೂ ಒಂದೊಂದೇ ತಂಡವನ್ನು ದಾಟಿ, ಅಂತಿಮ ಪಂದ್ಯದಲ್ಲಿ ಅದೇ ವೆಸ್ಟ್ ಚೆಸ್ಟರನ್ನು 52–48ರಿಂದ ಸೋಲಿಸಿದರು. ಆ ಕಾಲೇಜು ಕ್ಯಾಥಿ ರಷ್ ಅವರೇ ಓದಿದ ಕಾಲೇಜೆಂಬುದು ಗಮನಾರ್ಹ.

1973ರಲ್ಲಿ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಆಡಿದ ಇಪ್ಪತ್ತನ್ನೂ ಗೆದ್ದು ಮತ್ತೆ ಪ್ರಶಸ್ತಿ ಪಡೆಯಿತು. 1974ರಲ್ಲಿ ಮೂರನೆಯ ಪ್ರಶಸ್ತಿಯೂ ಬಂದಿತು. ಕಾಲೇಜಿನ ಸಂನ್ಯಾಸಿನಿಯರು ಪಂದ್ಯಗಳಿಗೆ ಬಂದು ಬಕೆಟ್ಟುಗಳನ್ನು ಬಡಿದು ಹುರಿದುಂಬಿಸುತ್ತಿದ್ದರು. 1975ರ ಜನವರಿಯಲ್ಲಿ ಮೇರಿಲೆಂಡ್ ವಿಶ್ವವಿದ್ಯಾನಿಲಯದೊಡನೆ ಇವರಾಡಿದ ಪಂದ್ಯವನ್ನು ದೇಶದಾದ್ಯಂತ ದೂರದರ್ಶನದಲ್ಲಿ ತೋರಿಸಿದರು. ಕಾಲೇಜು ಮಹಿಳೆಯರ ಬಾಸ್ಕೆಟ್‌ಬಾಲಿಗೆ ಅಂಥ ಗೌರವ ದೊರೆತುದು ಅದೇ ಮೊದಲು. ಮರುತಿಂಗಳು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕ್ವೀನ್ಸ್ ಕಾಲೇಜಿನೊಡನೆ ಆಡಿದಾಗ ಸುಮಾರು 12,000 ಪ್ರೇಕ್ಷಕರು ನೆರೆದಿದ್ದರು. ಒಂದು ಕಾಲದಲ್ಲಿ ಗಂಡಸರ ಕಣ್ಣಿಗೆ ಬೀಳಬಾರದೆಂದು ಬಾಗಿಲಿಕ್ಕಿ ಆಡಿದ ಆಟವಿದೆಂಬುದನ್ನು ನೆನೆದರೆ, ಈ ಎಂಬತ್ತೆರಡು ವರ್ಷಗಳ ದಾರಿ ಎಷ್ಟು ದೀರ್ಘವೆಂಬುದು ಮನದಟ್ಟಾಗುತ್ತದೆ.

ಇತಿಹಾಸದ ವೈಚಿತ್ರ್ಯ ಇನ್ನು ಮುಂದಿದೆ. ಮೊದಲನೆಯ ಗೆಲುವಿನ ಮೂರು ತಿಂಗಳ ತರುವಾಯ, 1972ರ ಜೂನ್ 23ರಂದು, ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಸ್ತ್ರೀಪುರುಷ ಭೇದವೆಣಿಸಕೂಡದೆಂಬ ಶಾಸನ ಅಮೆರಿಕದಲ್ಲಿ ಜಾರಿಗೆ ಬಂದಿತು. ಮರುವರ್ಷ ಆಟಗಾರ್ತಿಯರಿಗೆ ವಿದ್ಯಾರ್ಥಿವೇತನ ಕೊಡಲು ರಾಷ್ಟ್ರೀಯ ಸಂಘವೂ ಒಪ್ಪಿತು. ದೊಡ್ಡ ವಿಶ್ವವಿದ್ಯಾನಿಲಯಗಳು ಅಲ್ಲಿಯವರೆಗೆ ಅಲಕ್ಷಿಸಿದ್ದ ಮಹಿಳಾ ತಂಡಗಳಿಗೆ ಕ್ರಮೇಣ ಹಣ ಕೊಡತೊಡಗಿದುವು. ಚಿಕ್ಕ ಕಾಲೇಜು ಆ ಪೈಪೋಟಿಯನ್ನು ತಡೆದು ನಿಲ್ಲಲು ಶಕ್ತವಾಗಲಿಲ್ಲ. 1975, 1976ರ ಅಂತಿಮ ಪಂದ್ಯಗಳಲ್ಲಿ ಇಮ್ಯಾಕ್ಯುಲಾಟಾ ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್ ತಂಡಕ್ಕೆ ಸೋತಿತು. 149 ಗೆಲುವು, ಕೇವಲ 15 ಸೋಲುಗಳ ಕೀರ್ತಿಯೊಡನೆ ಕ್ಯಾಥಿ ರಷ್ 1977ರಲ್ಲಿ ನಿವೃತ್ತರಾದರು. ತಾನು ಯಾರ ಯೋಗ್ಯತೆಯನ್ನು ಲೋಕಕ್ಕೆ ತೋರಿಸಿಕೊಟ್ಟಿತೋ ಅವರಿಗೆ ನ್ಯಾಯ ದೊರೆತ ಹೊತ್ತಿನಲ್ಲಿಯೇ ಆ ಕಾಲೇಜು ತನ್ನ ಅಗ್ರಸ್ಥಾನವನ್ನು ಬಿಟ್ಟುಕೊಡಬೇಕಾಯಿತು.

ಆದರೆ ಪಾರಿತೋಷಕಗಳಿಗಿಂತ ಮಿಗಿಲಾದ ಫಲವೊಂದು ಉಳಿಯಿತು. ತಂಡದ ಹುಡುಗಿಯರಲ್ಲಿ ಹಲವರು ತಾವೇ ಗುರುಗಳಾದರು. ತೆರೆಸಾ ಶ್ಯಾಂಕ್, ಮದುವೆಯಾದ ಮೇಲೆ ಗ್ರೆಂಟ್ಜ್ ಎಂದು ಪ್ರಸಿದ್ಧರಾದವರು, ರಟ್ಗರ್ಸ್ ತಂಡವನ್ನು 1982ರಲ್ಲಿ ಪ್ರಶಸ್ತಿಗೆ ಕೊಂಡೊಯ್ದು, 1992ರ ಒಲಿಂಪಿಕ್ ಕ್ರೀಡೆಗಳಲ್ಲಿ ತಮ್ಮ ದೇಶದ ಮಹಿಳಾ ತಂಡಕ್ಕೆ ಶಿಕ್ಷಕಿಯಾದರು. ಮರಿಯನ್ ಕ್ರಾಫರ್ಡ್ ಸ್ಟ್ಯಾನ್ಲಿ ಓಲ್ಡ್ ಡೊಮಿನಿಯನ್ ತಂಡಕ್ಕೆ 1979, 1980, 1985ರಲ್ಲಿ ಮೂರು ಬಾರಿ ರಾಷ್ಟ್ರಪ್ರಶಸ್ತಿ ತಂದಿತ್ತರು. ನೇಸ್ಮಿತ್ ಅವರ ಹೆಸರಿನ ಕೀರ್ತಿಮಂದಿರವು 2008ರಲ್ಲಿ ಕ್ಯಾಥಿ ರಷ್ ಅವರನ್ನೂ 2014ರಲ್ಲಿ ಇಡೀ ತಂಡವನ್ನೂ ಗೌರವಿಸಿತು.

ಅಂಗಳವಿಲ್ಲದೆಯೂ ಅವರು ಗೆದ್ದರು, ಆದುದರಿಂದ ಹೆಣ್ಣುಮಕ್ಕಳಿಗೆ ಅಂಗಳ ಬೇಡವೆಂದು ಯಾರಾದರೂ ತರ್ಕಿಸಿದರೆ ಅದು ಈ ಚರಿತ್ರೆಗೆ ಬಗೆದ ಅಪಚಾರ. ಗುರುವಿನ ನಿಷ್ಠೆಯೂ ಶಿಷ್ಯರ ಛಲವೂ ಏನನ್ನು ಸಾಧಿಸಬಲ್ಲುವೆಂಬುದನ್ನು ಆ ಎಂಟು ಮಂದಿ ತೋರಿಸಿದರು. ಆ ಸಾಧನೆ ಎಲ್ಲರ ಪಾಲಿಗೂ ದಕ್ಕಬೇಕಾದರೆ ನ್ಯಾಯವಾದ ವ್ಯವಸ್ಥೆಯೂ ಬೇಕೆಂಬುದನ್ನು ಮುಂದಿನ ಕಾಲ ತೋರಿಸಿತು. ಶಾಲೆಯ ಆಟದ ಗಂಟೆ ಬಾರಿಸಿದಾಗ ಹುಡುಗರು ಅಂಗಳಕ್ಕೆ ಓಡುವುದೂ ಹುಡುಗಿಯರು ಗೋಡೆಯ ಬದಿಯಲ್ಲಿ ನಿಂತು ನೋಡುವುದೂ ಎಲ್ಲಿಯಾದರೂ ಕಂಡುಬಂದರೆ, ಅಲ್ಲಿಯ ಉಪಾಧ್ಯಾಯರು ಈ ಎರಡು ಪಾಠಗಳನ್ನೂ ಒಟ್ಟಿಗೆ ನೆನೆಯಬೇಕು. ಚೆಂಡನ್ನು ಮೊದಲು ಯಾರ ಕೈಗೆ ಕೊಡಬೇಕೆಂಬುದು ಆಗ ತಾನಾಗಿ ಹೊಳೆಯುತ್ತದೆ.