ಸುರಪುರದ ಜಾತಕ ಮತ್ತು ಗೈಬ್‌ನ ಜ್ಞಾನ

ಸಫರ್ ತಿಂಗಳ ಮೊದಲ ಜುಮಾದಂದು ನಮ್ಮ ಮಸೀದಿಯಲ್ಲಿ ಸೂರಃ ಲುಕ್ಮಾನ್‌ನ ಕೊನೆಯ ಆಯತ್ ಕುರಿತು ಖುತ್ಬಾ ಇತ್ತು. ಅಂತಿಮ ಗಳಿಗೆ, ಮಳೆ, ಗರ್ಭದೊಳಗಿನದು, ನಾಳೆಯ ಗಳಿಕೆ, ಸಾಯುವ ನೆಲ, ಈ ಐದರ ನಿಜವಾದ ಅರಿವು ಅಲ್ಲಾಹನ ಬಳಿ ಮಾತ್ರ ಇದೆ ಎಂಬುದು ಅದರ ಸಾರ. ನಮಾಜ್ ಮುಗಿದ ಮೇಲೆ ಹಿರಿಯರೊಬ್ಬರು ಕೈ ಹಿಡಿದು ಕೇಳಿದರು: "ಮೌಲಾನಾಸಾಬ್, ಗೈಬ್ ಯಾರಿಗೂ ಗೊತ್ತಿಲ್ಲ ಅಂದ್ರಿ. ಮತ್ತ ಸುರಪುರ ರಾಜಾನ ಜಾತಕ ಹೆಂಗ ಖರೇ ಆತು?"

ಪ್ರಶ್ನೆ ಸಣ್ಣದಲ್ಲ. ಅಲ್ಲಿಯೇ ನಿಂತು ಉತ್ತರಿಸಲು ಆಗಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

1841ರಲ್ಲಿ ಸುರಪುರದ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ಸಂಸ್ಥಾನದ ಆಡಳಿತ ನೋಡಿಕೊಳ್ಳಲು ನಿಜಾಮರ ಸೈನ್ಯದಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ ಬಂದ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ನಮ್ಮ ಓದುಗರಲ್ಲಿ ಅನೇಕರು ನೋಡಿದ್ದೇ. ಕೆರೆ ಕಟ್ಟಿಸಿದ, ರಸ್ತೆ ಮಾಡಿಸಿದ, ಸಂಸ್ಥಾನದ ಲೆಕ್ಕಪತ್ರ ಸರಿಪಡಿಸಿದ. ರಾಜಂಕೋಳೂರಿನ ಪ್ರಾಚೀನ ಕಲ್ಲುಗೋರಿಗಳ ಬಗ್ಗೆಯೂ ಬರೆದ. ಜನ ಅವನನ್ನು ಪ್ರೀತಿಯಿಂದ ಮಹಾದೇವ ಬಾಬಾ ಎನ್ನುತ್ತಿದ್ದರು. ಹುಡುಗ ರಾಜ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ.

ಈ ಟೇಲರ್ ತನ್ನ ಆತ್ಮಕಥೆಯಲ್ಲಿ ಹೇಳುತ್ತಾನೆ: ರಾಜಮಾತೆ ಈಶ್ವರಮ್ಮನವರು ಕಾಯಿಲೆ ಬಿದ್ದಾಗ ಅವನಿಗೆ ಮಗನ ಜಾತಕದ ಗುಟ್ಟು ತಿಳಿಯಿತು. ಹುಡುಗ 24ನೇ ವರ್ಷದಲ್ಲಿ ಸಾಯುತ್ತಾನೆ ಎಂದು ಅದರಲ್ಲಿತ್ತು. ಆ ತಾಯಿ ಎಷ್ಟು ರಾತ್ರಿ ನಿದ್ದೆಗೆಟ್ಟಿರಬೇಕು! ಮಗನ ಒಂದೊಂದು ಹುಟ್ಟುಹಬ್ಬವೂ ಆಕೆಗೆ ಲೆಕ್ಕ ಕಳೆಯುವ ದಿನವೇ ಆಗಿರಬೇಕು. ಜಾತಕ ಸುಳ್ಳೋ ನಿಜವೋ ಎಂಬುದು ಆಮೇಲಿನ ಮಾತು. ಆ ನೋವು ಮಾತ್ರ ಅಂದಿನಿಂದಲೇ ಶುರುವಾಯಿತು.

1853ರಲ್ಲಿ ಟೇಲರ್ ಅಧಿಕಾರವನ್ನು ಯುವಕ ರಾಜನಿಗೆ ಒಪ್ಪಿಸಿ ಹೋದ. 1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜಾ ವೆಂಕಟಪ್ಪ ನಾಯಕರು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಯಾದರು. ಸೆರೆಯಲ್ಲಿದ್ದಾಗ ಟೇಲರ್ ಕಾಣಲು ಹೋದ. ತನ್ನನ್ನು ಕಳ್ಳನಂತೆ ಗಲ್ಲಿಗೇರಿಸಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ, ಅಲುಗಾಡದೆ ನಿಲ್ಲುತ್ತೇನೆ ಎಂದು ರಾಜರು ಕೇಳಿಕೊಂಡರಂತೆ. ಇಂಥ ಮಾತು ಆಡುವ ಎದೆಗಾರಿಕೆ ಎಲ್ಲರಿಗೂ ಬರುವುದಿಲ್ಲ. ಮರಣದಂಡನೆ ತಪ್ಪಿತು. ಕೊನೆಗೆ ಮದ್ರಾಸಿನ ಕಡೆಯ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ಜಾತಕ ಸುಳ್ಳಾಯಿತು ಎಂದುಕೊಳ್ಳುವಷ್ಟರಲ್ಲಿ, ದಾರಿಯಲ್ಲಿಯೇ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜರು ತೀರಿಕೊಂಡರು. ಆಕಸ್ಮಿಕವೋ, ತಾವೇ ಹಾರಿಸಿಕೊಂಡರೋ ಎಂದು ಇಂದಿಗೂ ಚರ್ಚೆ ಇದೆ. ವಯಸ್ಸು 24.

ಹಿರಿಯರ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ಮೊದಲನೆಯದಾಗಿ, ಜಾತಕದ ಈ ಸಂಗತಿಗೆ ಆಧಾರ ಟೇಲರ್‌ನ ಬರಹ. ಆ ಪುಸ್ತಕ ಅಚ್ಚಾದದ್ದು 1877ರಲ್ಲಿ, ರಾಜರು ತೀರಿಕೊಂಡು 19 ವರ್ಷಗಳ ಮೇಲೆ, ಟೇಲರ್ ಕೂಡ ಗತಿಸಿದ ನಂತರ. ಅವನು ಸುಳ್ಳುಗಾರ ಎಂದು ನಾನು ಹೇಳುತ್ತಿಲ್ಲ. ಆದರೆ ಅವನು ಕಾದಂಬರಿಕಾರ. ನೆನಪು ಕಥೆಯ ಆಕಾರ ತಾಳುವುದು ಹೊಸದಲ್ಲ. ಹದೀಸಿನ ವಿದ್ಯಾರ್ಥಿಗಳು ಒಬ್ಬನೇ ವರದಿಗಾರನ ಮಾತನ್ನು ಎಷ್ಟು ಸಲ ತೂಗಿ ನೋಡುತ್ತಾರೆ ಎಂಬುದನ್ನು ಮದ್ರಸದಲ್ಲಿ ಓದಿದವರು ಬಲ್ಲರು.

ಸರಿ, ನಿಜವೆಂದೇ ಒಪ್ಪೋಣ. ಕಾಹಿನರ ಮಾತು ಕೆಲವೊಮ್ಮೆ ನಿಜವಾಗುತ್ತದಲ್ಲ ಎಂದು ಸಹಾಬಿಗಳೇ ಪ್ರವಾದಿ(ಸ)ರವರನ್ನು ಕೇಳಿದ್ದರು. ಕದ್ದು ತಂದ ಒಂದು ನಿಜಕ್ಕೆ ನೂರು ಸುಳ್ಳು ಬೆರೆಸಿರುತ್ತಾರೆ ಎಂಬುದು ಅವರ ಉತ್ತರದ ತಾತ್ಪರ್ಯ, ಬುಖಾರಿಯಲ್ಲಿದೆ. ನೂರು ಜಾತಕ ಸುಳ್ಳಾದದ್ದನ್ನು ಯಾರೂ ಪುಸ್ತಕದಲ್ಲಿ ಬರೆದಿಡುವುದಿಲ್ಲ. ಒಂದು ನಿಜವಾದರೆ ಒಂದೂವರೆ ಶತಮಾನ ಬಾಯಿಂದ ಬಾಯಿಗೆ ಹೋಗುತ್ತದೆ. ಅದೂ ಅಲ್ಲದೆ ಆ ಜಾತಕ ವಯಸ್ಸು ಹೇಳಿತು ಅಷ್ಟೇ. 1858ರ ಕಾಳಗ ಹೇಳಲಿಲ್ಲ. ಚೆಂಗಲ್‌ಪಟ್ಟಿನ ದಾರಿ, ಬೇರೆಯವನ ಪಿಸ್ತೂಲು ಹೇಳಲಿಲ್ಲ. ಯಾವ ನೆಲ ಎಂಬುದು ಮುಚ್ಚಿಯೇ ಇತ್ತು.

ಟೇಲರ್‌ನ ವಿಷಯಕ್ಕೆ ಬಂದರೆ, ಅವನಿಗೆ ಜಾತಕ ಗೊತ್ತಿತ್ತು, ಆಡಳಿತ ಗೊತ್ತಿತ್ತು, ಇಂಗ್ಲಿಷರ ಬಲ ಎಷ್ಟೆಂದು ಗೊತ್ತಿತ್ತು. ಇಷ್ಟು ಜ್ಞಾನವಿದ್ದೂ ತನ್ನನ್ನು ಅಪ್ಪಾ ಎಂದವನನ್ನು ಉಳಿಸಿಕೊಳ್ಳಲು ಆಗಲಿಲ್ಲ. ನಾಳೆಯ ಒಂದು ತುಣುಕು ತಿಳಿದವನಿಗೆ ಭಯ ಸಿಗುತ್ತದೆ, ದಾರಿ ಸಿಗುವುದಿಲ್ಲ. ಈಮಾನ್ ಇರುವವನು ಅದನ್ನು ಅರಿತವನ ಕೈಗೆ ಬಿಟ್ಟು, ಇಂದಿನ ಕೆಲಸ ಮಾಡುತ್ತಾನೆ.

ಇದು ಬೇರೆಯವರ ಮಾತಷ್ಟೇ ಎಂದುಕೊಳ್ಳಬೇಡಿ. ಅದೇ ಸುರಪುರದ ಪಕ್ಕದ ವಾಗಿನಗೇರಾ ಕೋಟೆಗೆ 1705ರಲ್ಲಿ ಔರಂಗಜೇಬ ತಾನೇ ಮುತ್ತಿಗೆ ಹಾಕಿದ. ವಯಸ್ಸು 86. ಕೋಟೆ ಸಿಕ್ಕಿತು, ಪಿಡ್ಡನಾಯಕ ಸಿಗಲಿಲ್ಲ. ದೇವಾಪುರದಲ್ಲಿ ಬಿಡಾರ ಹೂಡಿದ ಬಾದಶಾಹ ಅಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಕಳೆದ. ಬಿಜಾಪುರ, ಗೋಲ್ಕೊಂಡಗಳನ್ನು ಗೆದ್ದವನಿಗೆ ದೆಹಲಿ ಮತ್ತೆ ಕಾಣಲಿಲ್ಲ. 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ, ಖುಲ್ದಾಬಾದಿನಲ್ಲಿ ಮಣ್ಣಾದ.

ಇನ್ನು ನಮ್ಮ ಮನೆಗಳು. ಯಾದಗಿರಿ, ಶಹಾಪುರ, ಸುರಪುರದಲ್ಲಿ ಸಫರ್‌ನ ಮೊದಲ 13 ದಿನ, 'ತೇರಾ ತೇಜಿ' ಎಂದು, ಶುಭಕಾರ್ಯ ನಿಲ್ಲಿಸುವವರು ಈಗಲೂ ಇದ್ದಾರೆ. ಸಫರ್‌ನಲ್ಲಿ ಅಪಶಕುನವಿಲ್ಲ ಎಂದು ಪ್ರವಾದಿ(ಸ) ಹೇಳಿದ್ದಾರೆ. ತಮ್ಮ ಮಗು ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾದಾಗ, ಯಾರ ಸಾವಿಗಾಗಿಯೂ ಗ್ರಹಣ ಹಿಡಿಯುವುದಿಲ್ಲ ಎಂದವರು ಅವರು. ಮಗನನ್ನು ಕಳೆದುಕೊಂಡ ತಂದೆಯ ಬಾಯಿಂದ ಆ ದಿನ ಬಂದ ಮಾತು ಅದು. ಆದರೂ ನಮ್ಮಲ್ಲಿ ಫಾಲ್ ತೆಗೆಸಿ ಹೆಣ್ಣುಮಕ್ಕಳ ಸಂಬಂಧ ಮುರಿದದ್ದನ್ನು ನಾನೇ ಕಂಡಿದ್ದೇನೆ. ಆ ಹುಡುಗಿ ಏನು ತಪ್ಪು ಮಾಡಿದ್ದಳು?

ಆ ಹಿರಿಯರು ಜಾತಕದ ಮಾತೆತ್ತಿದ್ದಕ್ಕೂ ಇದೇ ಕಾರಣ ಎಂದು ಎರಡು ದಿನದ ಮೇಲೆ ತಿಳಿಯಿತು. ಮೊಮ್ಮಗಳ ನಿಕಾಹ್ ತೇರಾ ತೇಜಿಯ ಒಳಗೆ ಬಿದ್ದಿತ್ತು, ಮನೆಯ ಹೆಂಗಸರು ಬೇಡವೆನ್ನುತ್ತಿದ್ದರು. ಮನೆಗೆ ಹೋಗಿ ಕೂತು ಇದಿಷ್ಟನ್ನೂ ಹೇಳಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ತಾರೀಖು ಇರಲಿ" ಎಂದರು. ಸಫರ್ 11ರಂದು ನಿಕಾಹ್ ಆಯಿತು. ಊಟಕ್ಕೆ ಕೂತಾಗ ಜೋರು ಮಳೆ ಬಂದು ಶಾಮಿಯಾನ ಸೋರಿತು; ಎಲ್ಲರೂ ತಟ್ಟೆ ಹಿಡಿದುಕೊಂಡು ಒಳಗೆ ಓಡಿದೆವು.